ಸಿಸ್ಟಮ್ ಪ್ರಾಸೆಸ್ ಕಂಪ್ಯೂಟರನ್ನು ನಿಧಾನಗೊಳಿಸಿದಾಗ ಅದಕ್ಕೆ ಕೆಲಸ ಹಚ್ಚಿದವರನ್ನು ಹುಡುಕುವುದು ಹೇಗೆ

ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ತೆರೆದಿಟ್ಟ ಕಂಪ್ಯೂಟರಿನ ಫ್ಯಾನು ಜೋರಾಗಿ ತಿರುಗತೊಡಗಿ, ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದಕ್ಕೆ ತಡವಾಗತೊಡಗಿದಾಗ ನಾವು ಟಾಸ್ಕ್ ಮ್ಯಾನೇಜರ್ ತೆರೆದು ನೋಡುತ್ತೇವೆ. ಪಟ್ಟಿಯ ತುದಿಯಲ್ಲಿ ನಾವಾಗಿ ಎಂದೂ ತೆರೆಯದ ಹೆಸರೊಂದು ಇರುತ್ತದೆ: ಸರ್ವಿಸ್ ಹೋಸ್ಟ್, ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್, ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್, ಇಲ್ಲವೇ ಬರಿಯ ‘ಸಿಸ್ಟಮ್’. ಅದರ ಮೇಲೆ ಬಲಗುಂಡಿ ಒತ್ತಿ ‘ಎಂಡ್ ಟಾಸ್ಕ್’ ಎಂದರೆ ಒಮ್ಮೊಮ್ಮೆ ಅನುಮತಿಯಿಲ್ಲ ಎಂಬ ಉತ್ತರ ಬರುತ್ತದೆ. ಒಮ್ಮೊಮ್ಮೆ ಆ ಹೆಸರು ಮಾಯವಾಗಿ ಸ್ವಲ್ಪ ಹೊತ್ತಿಗೆಲ್ಲ ಮರಳಿ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವುದು ಇಲ್ಲಿಯೇ. ಇಂಥ ಪ್ರಾಸೆಸ್‌ಗಳಲ್ಲಿ ಹೆಚ್ಚಿನವು ತಾವಾಗಿ ಏನನ್ನೂ ಆರಂಭಿಸುವುದಿಲ್ಲ, ಬೇರೊಂದು ತಂತ್ರಾಂಶವೋ, ಯಂತ್ರಾಂಶವನ್ನು ನಡೆಸುವ ಡ್ರೈವರ್ರೋ ಕೇಳಿದ ಕೆಲಸವನ್ನು ಮಾಡಿಕೊಡುತ್ತಿರುತ್ತವೆ. ಆದ್ದರಿಂದ ಪಟ್ಟಿಯಲ್ಲಿ ಕಂಡ ಹೆಸರನ್ನು ನಿಲ್ಲಿಸುವುದು ಹೇಗೆಂದು ಹುಡುಕುವ ಮೊದಲು, ಆ ಹೆಸರಿಗೆ ಕೆಲಸ ಹಚ್ಚಿದವರು ಯಾರೆಂದು ಹುಡುಕಬೇಕು. ಅದನ್ನು ಹಂತಹಂತವಾಗಿ ಮಾಡುವ ಬಗೆಯನ್ನು ಇಲ್ಲಿ ಮುಖ್ಯವಾಗಿ ವಿಂಡೋಸ್ 10 ಮತ್ತು 11ನ್ನು ಕಣ್ಣಮುಂದೆ ಇಟ್ಟುಕೊಂಡು ವಿವರಿಸಿದ್ದೇನೆ.

ಮೊದಲು ಅಳತೆ, ಆಮೇಲೆ ಚಿಕಿತ್ಸೆ

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ನೇರವಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಪ್ರಾಸೆಸ್‌ಗಳ ಹೆಸರನ್ನಲ್ಲ, ಸಿಪಿಯು, ಮೆಮೊರಿ ಮತ್ತು ಡಿಸ್ಕ್ ಎಂಬ ಮೂರು ಕಂಬಸಾಲುಗಳ ತಲೆಯ ಮೇಲಿರುವ ಒಟ್ಟು ಶೇಕಡಾವನ್ನು. ಈ ಮೂರರಲ್ಲಿ ಯಾವುದು ತುಂಬಿಹೋಗಿದೆಯೋ ಅದರ ಮೇಲೆ ಮುಂದಿನ ದಾರಿಯೆಲ್ಲ ನಿಂತಿದೆ. ಡಿಸ್ಕಿಗೆ ಬಿಡುವಿಲ್ಲದೆ ನಿಧಾನವಾದ ಯಂತ್ರದಲ್ಲಿ ಸಿಪಿಯು ಪಟ್ಟಿಯನ್ನು ಗಂಟೆಗಟ್ಟಲೆ ದಿಟ್ಟಿಸಿದರೂ ಏನೂ ಸಿಗುವುದಿಲ್ಲ.

ಯಂತ್ರವನ್ನು ಆಗತಾನೆ ಆನ್ ಮಾಡಿದ್ದರೆ ಅಥವಾ ದೊಡ್ಡ ಅಪ್‌ಡೇಟ್ ಒಂದು ಈಗಷ್ಟೇ ಮುಗಿದಿದ್ದರೆ ಸ್ವಲ್ಪ ಕಾಯುವುದು ಒಳ್ಳೆಯದು. ವಿಂಡೋಸ್‌ನ ಸ್ವಯಂಚಾಲಿತ ನಿರ್ವಹಣೆ ನೀವಾಗಿ ಬದಲಿಸದ ಹೊರತು ದಿನವೂ ನಸುಕಿನ 2 ಗಂಟೆಗೆ ನಡೆಯುವಂತೆ ಹೊಂದಿಸಲಾಗಿದೆ; ಆ ಹೊತ್ತಿಗೆ ಯಂತ್ರ ಆಫ್ ಆಗಿದ್ದರೆ, ನಂತರ ಅದು ಬಿಡುವಾಗಿರುವ ಹೊತ್ತನ್ನು ನೋಡಿ ಬಾಕಿ ಕೆಲಸವನ್ನು ಮಾಡಿಕೊಳ್ಳುತ್ತದೆ. ರಾತ್ರಿ ಎಂದೂ ಆನ್ ಇರದ ಕಂಪ್ಯೂಟರು ಹಗಲಿನಲ್ಲಿ ಆಗಾಗ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ. ಅಂಥ ಕೆಲಸವನ್ನು ಒಮ್ಮೆ ಪೂರ್ತಿ ಮುಗಿಯಲು ಬಿಟ್ಟರೆ ತೊಂದರೆ ತಾನಾಗಿ ನಿಲ್ಲುತ್ತದೆ, ಆದರೆ ಪ್ರತಿಸಲವೂ ನಡುವೆಯೇ ಕಡಿದುಹಾಕಿದರೆ ಅದು ಪ್ರತಿದಿನವೂ ಮತ್ತೆ ಮೊದಲಾಗುತ್ತದೆ.

ಎರಡು ಹೆಸರುಗಳನ್ನು ಮೊದಲೇ ಬದಿಗಿಡಬಹುದು. ಡೀಟೇಲ್ಸ್ ಪುಟದಲ್ಲಿ ಕಾಣುವ ‘ಸಿಸ್ಟಮ್ ಐಡಲ್ ಪ್ರಾಸೆಸ್’ ಶೇಕಡಾ 90ಕ್ಕಿಂತ ಹೆಚ್ಚು ತೋರಿಸಿದರೆ ಸಿಪಿಯು ಅಷ್ಟರಮಟ್ಟಿಗೆ ಬಿಡುವಾಗಿದೆ ಎಂದೇ ಅರ್ಥ. ‘ಸಿಸ್ಟಮ್ ಇಂಟರಪ್ಟ್ಸ್’ ಎಂಬುದು ನಿಜವಾದ ಪ್ರಾಸೆಸ್ ಅಲ್ಲ, ಯಂತ್ರಾಂಶಗಳು ಸಿಪಿಯುವಿನ ಗಮನ ಸೆಳೆಯಲು ಕಳುಹಿಸುವ ಕರೆಗಳಿಗೆ ತಗಲುವ ಹೊತ್ತಿನ ಲೆಕ್ಕ. ಅದು ಶೇಕಡಾ 1ರ ಆಸುಪಾಸಿನಲ್ಲಿ ಇರುವುದು ಸಹಜ. ಹತ್ತನ್ನೋ ಇಪ್ಪತ್ತನ್ನೋ ಮುಟ್ಟಿ ಅಲ್ಲಿಯೇ ನಿಂತರೆ ಯುಎಸ್‌ಬಿ ಸಾಧನಗಳನ್ನು ಒಂದೊಂದಾಗಿ ಕಳಚಿ, ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಮತ್ತು ಆಡಿಯೋ ಸಾಧನಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸಿ, ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೆ ಎಂದು ನೋಡಬೇಕು.

ಸಿಪಿಯು ಅಂಕಿಯನ್ನು ಓದುವಾಗ ಒಂದು ಸಣ್ಣ ಲೆಕ್ಕ ಬಹಳ ನೆರವಾಗುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ನಿಮ್ಮ ಯಂತ್ರದ ಲಾಜಿಕಲ್ ಪ್ರಾಸೆಸರ್‌ಗಳ ಸಂಖ್ಯೆಯನ್ನು ನೋಡಿಕೊಂಡು 100ನ್ನು ಅದರಿಂದ ಭಾಗಿಸಿರಿ. ಸಂಖ್ಯೆ 4 ಇದ್ದರೆ 25, 8 ಇದ್ದರೆ 12.5 ಬರುತ್ತದೆ. ಡೀಟೇಲ್ಸ್ ಪುಟದಲ್ಲಿ ಒಂದು ಪ್ರಾಸೆಸ್ ಏರದೆ ಇಳಿಯದೆ ಸರಿಯಾಗಿ ಇದೇ ಅಂಕಿಯಲ್ಲಿ ನಿಂತಿದ್ದರೆ, ಅದರೊಳಗಿನ ಒಂದು ಥ್ರೆಡ್, ಅಂದರೆ ಕೆಲಸದ ಒಂದು ಎಳೆ, ಗಾಣದ ಎತ್ತಿನಂತೆ ಬಿಡುವಿಲ್ಲದೆ ಸುತ್ತುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಮುಗಿಯುವ ಕೆಲಸದಲ್ಲಿ ಅಂಕಿ ಏರಿಳಿಯುತ್ತದೆ. ಹೀಗೆ ಒಂದೇ ಅಂಕಿಗೆ ಅಂಟಿಕೊಂಡದ್ದು ಕಾದರೆ ಮುಗಿಯುವ ಸಂಭವ ಕಡಿಮೆ. ‘ಕೇವಲ 12 ತಾನೆ’ ಎಂದು ಅದನ್ನು ಕಡೆಗಣಿಸಬಾರದು, ಫ್ಯಾನು ತಿರುಗಲು ಮತ್ತು ಬ್ಯಾಟರಿ ಕರಗಲು ಅಷ್ಟು ಸಾಕು.

ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್: ಕೇಳಿದವರನ್ನು ಹಿಡಿಯುವ ಒಂದು ಉದಾಹರಣೆ

ಈ ಹುಡುಕಾಟದ ರೀತಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್‌ನಲ್ಲಿ ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಬ್ಯಾಟರಿ ಎಷ್ಟಿದೆ, ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಯಾವ ಪ್ರಾಸೆಸ್‌ಗಳು ನಡೆಯುತ್ತಿವೆ, ಯಂತ್ರದ ತಾಪ ಎಷ್ಟು ಎಂಬಂಥ ಪ್ರಶ್ನೆಗಳನ್ನು ಬೇರೆ ತಂತ್ರಾಂಶಗಳು ಕೇಳಿದಾಗ ಉತ್ತರ ಒದಗಿಸುವುದು ಈ ಪ್ರಾಸೆಸ್‌ನ ಕೆಲಸ. ಯಾರೂ ಕೇಳದಿದ್ದರೆ ಅದು ಸುಮ್ಮನಿರುತ್ತದೆ. ಅದು ಸದಾ ದುಡಿಯುತ್ತಿದೆ ಎಂದರೆ ಯಾರೋ ಸದಾ ಕೇಳುತ್ತಿದ್ದಾರೆ ಎಂದೇ ತಿಳಿಯಬೇಕು.

ನನ್ನದೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಇದು ಶೇಕಡಾ 12 ಮತ್ತು 13ರ ನಡುವೆ ದಿನವಿಡೀ ನಿಂತಿತ್ತು. ಎಂಟು ಲಾಜಿಕಲ್ ಪ್ರಾಸೆಸರ್‌ಗಳ ಯಂತ್ರವಾದ್ದರಿಂದ ಒಂದು ಥ್ರೆಡ್ ಸಿಕ್ಕಿಹಾಕಿಕೊಂಡಿದೆ ಎಂಬುದು ಲೆಕ್ಕದಿಂದ ತಿಳಿಯಿತು. ನಾನು ಅದನ್ನು ಎರಡು ಬಾರಿ ನಿಲ್ಲಿಸಿದೆ, ಎರಡು ಬಾರಿಯೂ ಅದು ಮರಳಿ ಬಂತು. ಆಮೇಲೆ ಸ್ಟಾರ್ಟ್ ಮೆನುವಿನಿಂದ ಇವೆಂಟ್ ವ್ಯೂವರ್ ತೆರೆದು, ಎಡಗಡೆಯ ಪಟ್ಟಿಯಲ್ಲಿ ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಡಬ್ಲ್ಯುಎಂಐ-ಆಕ್ಟಿವಿಟಿ, ಕೊನೆಗೆ ಆಪರೇಶನಲ್ ಎಂಬಲ್ಲಿಗೆ ಹೋದೆ. ಅಲ್ಲಿ 5858 ಎಂಬ ಇವೆಂಟ್ ಸಂಖ್ಯೆ ಹೊತ್ತ ದೋಷದ ಸಾಲುಗಳು ಒಂದರ ಕೆಳಗೊಂದು, ಕೆಲವೇ ಸೆಕೆಂಡುಗಳ ಅಂತರದಲ್ಲಿ ಪುಟ ತುಂಬ ಇದ್ದವು. ಒಂದು ಸಾಲನ್ನು ಆರಿಸಿ ಕೆಳಗಿನ ವಿವರವನ್ನು ಓದಿದರೆ ಕೇಳಿದ ಪ್ರಶ್ನೆ ಯಾವುದೆಂಬುದೂ, ‘ಕ್ಲೈಂಟ್ ಪ್ರಾಸೆಸ್ ಐಡಿ’ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆಯೂ ಕಾಣಿಸುತ್ತವೆ. ಎಲ್ಲ ಸಾಲುಗಳಲ್ಲೂ ಆ ಸಂಖ್ಯೆ ಒಂದೇ ಆಗಿತ್ತು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಪಿಐಡಿ (ಪ್ರಾಸೆಸ್ ಐಡಿ) ಕಂಬಸಾಲಿನ ತಲೆಯನ್ನು ಒತ್ತಿ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿ ನೋಡಿದಾಗ, ಅದು ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ, ಬ್ಯಾಟರಿಯ ಆರೋಗ್ಯ ತೋರಿಸುವ ಸಣ್ಣ ತಂತ್ರಾಂಶವೊಂದರದು ಎಂದು ಗೊತ್ತಾಯಿತು. ಅದನ್ನು ತೆಗೆದುಹಾಕಿದ ಮರುಗಳಿಗೆಯೇ ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್ ಸೊನ್ನೆಗೆ ಇಳಿಯಿತು. ಅಂದು ನಾನು ನಿಲ್ಲಿಸಲು ಹೊರಟಿದ್ದ ಪ್ರಾಸೆಸ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಈ ದಾರಿಯಲ್ಲಿ ಎರಡು ಎಚ್ಚರಿಕೆಗಳು ಬೇಕು. ಪಿಐಡಿ ಸಂಖ್ಯೆಗಳು ಶಾಶ್ವತವಲ್ಲ. ತಂತ್ರಾಂಶವೊಂದು ಮುಚ್ಚಿ ತೆರೆದಾಗಲೆಲ್ಲ ಅದಕ್ಕೆ ಹೊಸ ಸಂಖ್ಯೆ ಸಿಗುತ್ತದೆ, ಹಳೆಯ ಸಂಖ್ಯೆ ಬೇರೊಬ್ಬರ ಪಾಲಾಗಲೂಬಹುದು. ಆದ್ದರಿಂದ ನಿನ್ನೆಯ ಸಾಲನ್ನು ಇಂದಿನ ಪಟ್ಟಿಯೊಡನೆ ಹೋಲಿಸದೆ, ಕಳೆದ ಕೆಲವು ನಿಮಿಷಗಳ ಸಾಲುಗಳನ್ನು ಮಾತ್ರ ಹಿಡಿಯಬೇಕು. ಎರಡನೆಯದಾಗಿ, 5858 ದಾಖಲಿಸುವುದು ವಿಫಲವಾದ ಪ್ರಶ್ನೆಗಳನ್ನು. ಪ್ರಶ್ನೆಗಳೆಲ್ಲ ಸರಿಯಾಗಿಯೇ ಉತ್ತರ ಪಡೆಯುತ್ತಿದ್ದು, ಆದರೆ ಅತಿಯಾಗಿ ಕೇಳಲಾಗುತ್ತಿದ್ದರೆ ಈ ಪುಟ ಖಾಲಿಯಾಗಿ ಕಾಣಬಹುದು. ಆಗ ಕೊನೆಯ ಭಾಗದಲ್ಲಿ ಹೇಳಿರುವ ಕ್ಲೀನ್ ಬೂಟ್ ವಿಧಾನಕ್ಕೆ ಹೋಗುವುದೇ ಸರಿ.

ಸರ್ವಿಸ್ ಹೋಸ್ಟ್ ಮತ್ತು ‘ಸಿಸ್ಟಮ್’

ಸರ್ವಿಸ್ ಹೋಸ್ಟ್ ಎಂಬುದು ಒಂದು ಚೀಲ. ನಿಜವಾದ ಕೆಲಸ ಮಾಡುವುದು ಅದರೊಳಗಿರುವ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ನಡೆಯುವ ತಂತ್ರಾಂಶ. ಹಿಂದೆ ಒಂದೇ ಚೀಲದಲ್ಲಿ ಹತ್ತಾರು ಸರ್ವಿಸ್‌ಗಳಿರುತ್ತಿದ್ದುದರಿಂದ ಯಾವುದು ತಪ್ಪಿತಸ್ಥ ಎಂದು ಬಿಡಿಸುವುದು ಕಷ್ಟವಿತ್ತು. 2017ರಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಿ ಹೆಚ್ಚಿನ ಸರ್ವಿಸ್‌ಗಳಿಗೆ ಬೇರೆಬೇರೆ ಚೀಲಗಳನ್ನೇ ಕೊಡಲಾಗಿದೆ. ಡೀಟೇಲ್ಸ್ ಪುಟದಲ್ಲಿ ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ‘ಗೋ ಟು ಸರ್ವಿಸಸ್’ ಎಂದರೆ ಒಳಗಿರುವ ಹೆಸರು ಬಣ್ಣ ತುಂಬಿ ಕಾಣುತ್ತದೆ.

ಒಳಗಿರುವುದು ವಿಂಡೋಸ್ ಅಪ್‌ಡೇಟ್ ಸರ್ವಿಸ್ ಆಗಿದ್ದು, ಗಂಟೆಗಳು ಕಳೆದರೂ ಅಪ್‌ಡೇಟ್ ಮುಂದೆ ಸಾಗದಿದ್ದರೆ ಅದು ಇಳಿಸಿಕೊಂಡ ಕಡತಗಳು ಕೆಟ್ಟಿರಬಹುದು. ಸರ್ವಿಸಸ್ ಕಿಟಕಿಯಲ್ಲಿ ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಎಂಬ ಎರಡನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನಲ್ಲಿರುವ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರನ್ನು ಬದಲಿಸಿ, ಸರ್ವಿಸ್‌ಗಳನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ಹೊಸ ಫೋಲ್ಡರನ್ನು ತಾನೇ ಮಾಡಿಕೊಳ್ಳುತ್ತದೆ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಕ್ಷೇಮ, ಏಕೆಂದರೆ ಎಣಿಸಿದಂತೆ ಆಗದಿದ್ದರೆ ಹಿಂದಕ್ಕೆ ಮರಳಲು ದಾರಿ ಇರುತ್ತದೆ.

‘ಸಿಸ್ಟಮ್’ ಎಂಬ ಹೆಸರಿನ, ಪಿಐಡಿ 4 ಇರುವ ಪ್ರಾಸೆಸ್ ಸಿಪಿಯುವನ್ನು ತಿನ್ನುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ಸಾಲದು. ಅದರೊಳಗೆ ವಿಂಡೋಸ್‌ನ ತಿರುಳಾದ ಕರ್ನಲ್ ಮತ್ತು ಎಲ್ಲ ಡ್ರೈವರ್‌ಗಳ ಥ್ರೆಡ್‌ಗಳು ನಡೆಯುತ್ತಿರುತ್ತವೆ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಪ್ರಾಸೆಸ್ ಎಕ್ಸ್‌ಪ್ಲೋರರ್ ಎಂಬುದು ಇದಕ್ಕೆಂದೇ ಇರುವಂತಿದೆ. ಅದನ್ನು ಮೈಕ್ರೋಸಾಫ್ಟ್‌ನ ತಾಣದಿಂದ ಉಚಿತವಾಗಿ ಇಳಿಸಿಕೊಂಡು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಸಿಸ್ಟಮ್’ ಮೇಲೆ ಎರಡು ಬಾರಿ ಒತ್ತಿ, ಥ್ರೆಡ್ಸ್ ಪುಟದಲ್ಲಿ ಸಿಪಿಯು ಕ್ರಮದಲ್ಲಿ ಜೋಡಿಸಿದರೆ ಮೇಲ್ತುದಿಯ ಥ್ರೆಡ್‌ನ ‘ಸ್ಟಾರ್ಟ್ ಅಡ್ರೆಸ್’ನಲ್ಲಿ ಹಲವು ವೇಳೆ ಒಂದು ಡ್ರೈವರ್ ಕಡತದ ಹೆಸರು ಸಿಗುತ್ತದೆ. ಆ ಕಡತವನ್ನು ಡ್ರೈವರ್ಸ್ ಫೋಲ್ಡರಿನಲ್ಲಿ ಹುಡುಕಿ ಅದರ ಪ್ರಾಪರ್ಟೀಸ್ ತೆರೆದರೆ ತಯಾರಿಸಿದವರ ಹೆಸರು ಡೀಟೇಲ್ಸ್ ಪುಟದಲ್ಲಿ ಬರೆದಿರುತ್ತದೆ. ಡ್ರೈವರಿನ ಹೊಸ ಆವೃತ್ತಿಯನ್ನು ಯಂತ್ರ ತಯಾರಕರ ತಾಣದಿಂದಲೇ ತರಬೇಕು. ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಹೊಸದಾಗಿಸುತ್ತೇವೆಂದು ಹೇಳಿಕೊಳ್ಳುವ ತಂತ್ರಾಂಶಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅವುಗಳಲ್ಲಿ ಹಲವು ತಾವೇ ಹಿನ್ನೆಲೆಯಲ್ಲಿ ನೆಲೆಯೂರುತ್ತವೆ.

ಪ್ರಾಸೆಸ್ ಎಕ್ಸ್‌ಪ್ಲೋರರ್‌ನಿಂದ ಇನ್ನೊಂದು ಉಪಯೋಗವೂ ಇದೆ. ವ್ಯವಸ್ಥೆಯ ಹೆಸರನ್ನು ಹೊತ್ತ ಕುತಂತ್ರಾಂಶವಿರಬಹುದೇ ಎಂಬ ಅನುಮಾನ ಬಂದಾಗ ಕಡತದ ಜಾಗವನ್ನು ನೋಡಬೇಕು: ನಿಜವಾದ ಸರ್ವಿಸ್ ಹೋಸ್ಟ್ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಿಂದ ನಡೆಯುತ್ತದೆ, ನಿಮ್ಮ ಡೌನ್‌ಲೋಡ್ಸ್ ಅಥವಾ ಟೆಂಪ್ ಫೋಲ್ಡರಿನಿಂದಲ್ಲ. ಹೆಸರಿನಲ್ಲಿ ಎರಡು ಅಕ್ಷರಗಳನ್ನು ಅದಲುಬದಲು ಮಾಡಿ ಕಣ್ಣು ತಪ್ಪಿಸುವುದು ಹಳೆಯ ತಂತ್ರ, ಆದ್ದರಿಂದ ಅಕ್ಷರ ಅಕ್ಷರವನ್ನೂ ಓದಿರಿ. ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿಯ ಪುಟ ಕಾಣದಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ; ವಿಂಡೋಸ್‌ನ ಎಷ್ಟೋ ಕಡತಗಳ ಸಹಿ ಕಡತದೊಳಗಿರದೆ ಬೇರೆ ಕ್ಯಾಟಲಾಗಿನಲ್ಲಿರುತ್ತದೆ. ಪ್ರಾಸೆಸ್ ಎಕ್ಸ್‌ಪ್ಲೋರರ್‌ನ ಆಪ್ಷನ್ಸ್ ಮೆನುವಿನಲ್ಲಿರುವ ‘ವೆರಿಫೈ ಇಮೇಜ್ ಸಿಗ್ನೇಚರ್ಸ್’ ಎರಡನ್ನೂ ಪರಿಶೀಲಿಸುತ್ತದೆ.

ಡಿಸ್ಕ್ ಶೇಕಡಾ 100 ತೋರಿಸಿದಾಗ

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇಕಡಾ 100 ಇದ್ದು, ಪಕ್ಕದಲ್ಲಿ ಸೆಕೆಂಡಿಗೆ 2 ಎಂಬಿಯೋ 3 ಎಂಬಿಯೋ ಮಾತ್ರ ಓದುತ್ತಿರುವುದನ್ನು ಕಂಡು ಹಲವರು ಅಚ್ಚರಿಪಡುತ್ತಾರೆ. ಆ ಶೇಕಡಾ ತಿಳಿಸುವುದು ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಎಂಬುದನ್ನು, ಎಷ್ಟು ಮಾಹಿತಿ ಸಾಗಿತು ಎಂಬುದನ್ನಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಬೇಕು. ಚದುರಿದ ಸಣ್ಣ ಕಡತಗಳನ್ನು ಓದುವಾಗ ಮುಳ್ಳು ಅತ್ತಿತ್ತ ಸರಿಯುವ ಹೊತ್ತೂ ಸೇರಿ, ಸೆಕೆಂಡಿಗೆ ನೂರು ಬೇಡಿಕೆಗಳನ್ನು ಪೂರೈಸುವುದೂ ಅದಕ್ಕೆ ಕಷ್ಟ. ಇಂದಿನ ವಿಂಡೋಸ್‌ನ ಹಿನ್ನೆಲೆಯ ಕೆಲಸಗಳು ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಇದೆಯೆಂದೇ ನಂಬಿ ನಡೆಯುವಂತಿವೆ. ಹಾರ್ಡ್ ಡಿಸ್ಕ್ ಇನ್ನೂ ಮುಖ್ಯ ಡಿಸ್ಕ್ ಆಗಿರುವ ಯಂತ್ರದಲ್ಲಿ ಅದನ್ನು ಎಸ್‌ಎಸ್‌ಡಿಗೆ ಬದಲಿಸುವುದು, ಈ ಬರಹದ ಎಲ್ಲ ಹಂತಗಳಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾರು ಓದುತ್ತಿದ್ದಾರೆ ಎಂಬುದಕ್ಕಿಂತ ಯಾವ ಕಡತವನ್ನು ಓದುತ್ತಿದ್ದಾರೆ ಎಂಬುದು ಇಲ್ಲಿ ಹೆಚ್ಚು ಹೇಳುತ್ತದೆ. ಸ್ಟಾರ್ಟ್ ಮೆನುವಿನಿಂದ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಪುಟದ ‘ಡಿಸ್ಕ್ ಆಕ್ಟಿವಿಟಿ’ ಪಟ್ಟಿಯನ್ನು ನೋಡಿರಿ. ಅಲ್ಲಿ ಪ್ರತಿ ಸಾಲಿನಲ್ಲೂ ಕಡತದ ಪೂರ್ಣ ವಿಳಾಸ ಮತ್ತು ಮಿಲಿಸೆಕೆಂಡಿನಲ್ಲಿ ಪ್ರತಿಕ್ರಿಯೆಯ ಕಾಲ ಇರುತ್ತವೆ. ಪ್ರಾಸೆಸ್ ಹೆಸರು ‘ಸಿಸ್ಟಮ್’ ಎಂದೇ ಇದ್ದರೂ ಕಡತ ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಕಡತ) ಆಗಿದ್ದರೆ ಮೂಲ ತೊಂದರೆ ಮೆಮೊರಿಯ ಕೊರತೆ. ಮೆಮೊರಿ ಪುಟಕ್ಕೆ ಹೋಗಿ ಯಾವ ತಂತ್ರಾಂಶ ಹೆಚ್ಚು ಹಿಡಿದಿದೆ ಎಂದು ನೋಡಿ ಅದನ್ನು ಮುಚ್ಚಬೇಕು. ಕಡತವು, ಬೇಗ ಹುಡುಕಲೆಂದು ವಿಂಡೋಸ್ ಇಟ್ಟುಕೊಳ್ಳುವ ಸರ್ಚ್ ಇಂಡೆಕ್ಸಿನ ದತ್ತಕೋಶವಾಗಿದ್ದರೆ, ಯಾವುದೋ ತಂತ್ರಾಂಶ ಇಂಡೆಕ್ಸ್ ಆಗುವ ಫೋಲ್ಡರಿನಲ್ಲಿ ಸಾವಿರಾರು ಕಡತಗಳನ್ನು ಬರೆದು ಅಳಿಸುತ್ತಿದೆಯೇ ಎಂದು ಪರಿಶೀಲಿಸಿ, ಆ ಫೋಲ್ಡರನ್ನು ಇಂಡೆಕ್ಸಿಂಗ್ ಆಪ್ಷನ್ಸ್‌ನಿಂದ ಹೊರಗಿಟ್ಟರೆ ಸಾಕು. ದತ್ತಕೋಶವೇ ಕೆಟ್ಟಿದ್ದರೆ ಅದೇ ಕಿಟಕಿಯ ಅಡ್ವಾನ್ಸ್ಡ್ ಭಾಗದಲ್ಲಿ ‘ರೀಬಿಲ್ಡ್’ ಒತ್ತಿ, ರಾತ್ರಿಯಿಡೀ ಯಂತ್ರವನ್ನು ಆನ್ ಇಟ್ಟುಬಿಡುವುದು ಮೇಲು.

ಸಿಸ್‌ಮೇನ್ ಎಂಬ ಸರ್ವಿಸ್ ಹಿಂದೆ ಸೂಪರ್‌ಫೆಚ್ ಎಂದು ಹೆಸರಾಗಿದ್ದದ್ದೇ. ನೀವು ಹೆಚ್ಚು ಬಳಸುವ ತಂತ್ರಾಂಶಗಳನ್ನು ಮುಂಚಿತವಾಗಿ ಮೆಮೊರಿಗೆ ತಂದಿಡುವುದು ಅದರ ಕೆಲಸ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಅದನ್ನು ಪರೀಕ್ಷೆಗಾಗಿ ಒಂದೆರಡು ದಿನ ನಿಲ್ಲಿಸಿ ನೋಡುವುದರಿಂದ ಅಪಾಯವಿಲ್ಲ. ಆದರೆ ಪ್ರತಿಕ್ರಿಯೆಯ ಕಾಲ ಪದೇಪದೇ ನೂರಾರು ಮಿಲಿಸೆಕೆಂಡು ಮುಟ್ಟುತ್ತಿದ್ದು, ಯಾವ ಪ್ರಾಸೆಸ್ ನಿಲ್ಲಿಸಿದರೂ ಇಳಿಯದಿದ್ದರೆ, ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗಿನಲ್ಲಿ ಡಿಸ್ಕ್ ಎಂಬ ಮೂಲದ 7 ಅಥವಾ 153 ಸಂಖ್ಯೆಯ ಇವೆಂಟ್‌ಗಳಿವೆಯೇ ಎಂದು ಹುಡುಕಿರಿ. 7 ಎಂದರೆ ಕೆಟ್ಟ ಬ್ಲಾಕ್ ಸಿಕ್ಕಿದೆ, 153 ಎಂದರೆ ಬೇಡಿಕೆಯನ್ನು ಮತ್ತೊಮ್ಮೆ ಪ್ರಯತ್ನಿಸಬೇಕಾಯಿತು. ಇವು ಕಂಡರೆ ಮಿಕ್ಕ ಹುಡುಕಾಟವನ್ನೆಲ್ಲ ನಿಲ್ಲಿಸಿ ಮೊದಲು ಬ್ಯಾಕಪ್ ಮಾಡಿಕೊಳ್ಳಿ. ಸಾಯುತ್ತಿರುವ ಡಿಸ್ಕಿನ ಮೇಲೆ ದುರಸ್ತಿಯ ಪ್ರಯೋಗ ನಡೆಸಿ ಮಾಹಿತಿಯನ್ನು ಕಳೆದುಕೊಂಡವರನ್ನು ಕಂಡಿದ್ದೇನೆ, ಆ ನಷ್ಟ ಮತ್ತೆ ತುಂಬುವಂಥದ್ದಲ್ಲ.

ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ವಿಷಯದಲ್ಲೂ ಇದೇ ಕ್ರಮ. ಅದು ವಿಂಡೋಸ್‌ನ ಕುತಂತ್ರಾಂಶ ತಡೆಯುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ಹೃದಯ. ಬೇರೆ ತಂತ್ರಾಂಶಗಳು ತೆರೆಯುವ ಮತ್ತು ಬರೆಯುವ ಕಡತಗಳನ್ನು ತಪಾಸಣೆ ಮಾಡುತ್ತದೆ. ನಿಗದಿತ ವೇಳೆಯ ತಪಾಸಣೆಗೆ ಅದು ಸರಾಸರಿ ಶೇಕಡಾ 50ರಷ್ಟು ಸಿಪಿಯು ಬಳಸುವಂತೆ ಮೊದಲೇ ಮಿತಿ ಇದೆ, ಆ ವೇಳೆಯನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ನಿಮಗೆ ಬಿಡುವಿರುವ ಹೊತ್ತಿಗೆ ಸರಿಸಬಹುದು. ಡಿಫೆಂಡರನ್ನೇ ನಿಲ್ಲಿಸಿಬಿಡಿ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಪ್ರೋಗ್ರಾಂ ಬರೆಯುವವರ ಬಿಲ್ಡ್ ಫೋಲ್ಡರಿನಂಥ, ಒಳಗೆ ಏನು ಬರುತ್ತದೆಂದು ಖಚಿತವಾಗಿ ಗೊತ್ತಿರುವ ಜಾಗಕ್ಕೆ ಮಾತ್ರ ವಿನಾಯಿತಿ ಕೊಡಬಹುದು; ಡೌನ್‌ಲೋಡ್ಸ್ ಫೋಲ್ಡರಿಗೆ ವಿನಾಯಿತಿ ಕೊಡುವುದೆಂದರೆ ಕಾವಲುಗಾರನನ್ನು ಹೆಬ್ಬಾಗಿಲಿನಿಂದಲೇ ಎಬ್ಬಿಸಿ ಕಳುಹಿಸಿದಂತೆ.

ಬೇರೆ ವ್ಯವಸ್ಥೆಗಳಲ್ಲಿ

ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್‌ನಲ್ಲಿ ‘ಕರ್ನಲ್ ಟಾಸ್ಕ್’ ಹೆಚ್ಚು ಸಿಪಿಯು ತೋರಿಸಿದರೆ, ಯಂತ್ರದ ತಾಪವನ್ನು ತಗ್ಗಿಸಲು ಅದು ಬೇಕೆಂದೇ ಸಿಪಿಯುವನ್ನು ಇತರ ತಂತ್ರಾಂಶಗಳಿಗೆ ಸಿಗದಂತೆ ಹಿಡಿದಿರಬಹುದು. ಬಿಸಿಗೆ ಕಾರಣವಾದುದನ್ನು ಹುಡುಕಬೇಕೇ ಹೊರತು ಅದನ್ನಲ್ಲ. ಲಿನಕ್ಸ್‌ನಲ್ಲಿ ‘ಕೆಸ್ವಾಪ್‌ಡಿ’ ಎಂಬ ಕರ್ನಲ್ ಥ್ರೆಡ್ ಮೇಲೇರಿದ್ದರೆ ಅದು ವಿಂಡೋಸ್‌ನ ಪೇಜ್‌ಫೈಲ್ ಪ್ರಕರಣದಂತೆಯೇ ಮೆಮೊರಿಯ ಕೊರತೆಯ ಕುರುಹು. ಲಿನಕ್ಸ್‌ನ ‘ಟಾಪ್’ ಸಾಮಾನ್ಯವಾಗಿ ಒಂದು ಕೋರ್‌ಗೆ 100ರಂತೆ ಎಣಿಸುವುದರಿಂದ ಅಲ್ಲಿ 300, 400 ಎಂಬ ಅಂಕಿಗಳು ಕಂಡರೆ ದೋಷವೆಂದು ತಿಳಿಯಬೇಕಿಲ್ಲ.

ಕೊನೆಯ ಉಪಾಯ: ಕ್ಲೀನ್ ಬೂಟ್

ಮೇಲಿನ ಯಾವುದರಿಂದಲೂ ಸುಳಿವು ಸಿಗದಿದ್ದರೆ ಮೈಕ್ರೋಸಾಫ್ಟ್‌ನದಲ್ಲದ, ಹೊರಗಿನ ಸರ್ವಿಸ್‌ಗಳನ್ನೆಲ್ಲ ನಿಲ್ಲಿಸಿ ನೋಡಬೇಕು. ಸ್ಟಾರ್ಟ್ ಮೆನುವಿನಿಂದ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಸರ್ವಿಸಸ್ ಪುಟದಲ್ಲಿ ಮೊದಲು ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ಗೆ ಗುರುತು ಹಾಕಿ, ಅದಾದ ಮೇಲೆ ಮಾತ್ರ ‘ಡಿಸೇಬಲ್ ಆಲ್’ ಒತ್ತಬೇಕು. ಈ ಕ್ರಮ ತಪ್ಪಿದರೆ ವಿಂಡೋಸ್‌ಗೆ ಅಗತ್ಯವಾದ ಸರ್ವಿಸ್‌ಗಳೂ ನಿಂತು ಲಾಗಿನ್ ಆಗುವುದೇ ಕಷ್ಟವಾಗಬಹುದು, ಆದ್ದರಿಂದ ಗುರುತು ಬಿದ್ದಿದೆಯೆಂದು ಎರಡು ಬಾರಿ ನೋಡಿಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪುಟದಲ್ಲಿರುವವನ್ನೂ ನಿಷ್ಕ್ರಿಯಗೊಳಿಸಿ ಯಂತ್ರವನ್ನು ಮರಳಿ ಆರಂಭಿಸಿರಿ.

ನಿಧಾನಗತಿ ಹೋಗಿದ್ದರೆ ಅಪರಾಧಿ ಆ ಪಟ್ಟಿಯಲ್ಲೇ ಇದೆ. ಒಂದೊಂದನ್ನೇ ಆನ್ ಮಾಡುತ್ತ ಹೋಗದೆ, ಅರ್ಧ ಪಟ್ಟಿಯನ್ನು ಆನ್ ಮಾಡಿ ಮರಳಿ ಆರಂಭಿಸಿ ನೋಡಿ. ತೊಂದರೆ ಬಂದರೆ ಅದು ಆ ಅರ್ಧದಲ್ಲಿದೆ, ಬಾರದಿದ್ದರೆ ಉಳಿದರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 32 ಸರ್ವಿಸ್‌ಗಳ ಪಟ್ಟಿಯಲ್ಲಿಯೂ ಐದೇ ಸುತ್ತಿನಲ್ಲಿ ಒಂದು ಹೆಸರಿಗೆ ಬಂದು ನಿಲ್ಲಬಹುದು. ಪ್ರತಿ ಸುತ್ತಿನಲ್ಲೂ ಏನನ್ನು ಆನ್ ಮಾಡಿದೆವೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮೂರನೆಯ ಸುತ್ತಿನ ಹೊತ್ತಿಗೆ ನೆನಪು ಕೈಕೊಡುತ್ತದೆ.

ಎಲ್ಲವನ್ನೂ ನಿಲ್ಲಿಸಿದ ಮೇಲೂ ನಿಧಾನವಾಗಿಯೇ ಇದ್ದರೆ ವಿಂಡೋಸ್‌ನ ಸ್ವಂತ ಕಡತಗಳನ್ನು ಪರೀಕ್ಷಿಸುವ ಸರದಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷಿನ ಎಸ್, ಎಫ್, ಸಿ ಎಂಬ ಮೂರು ಅಕ್ಷರ, ಒಂದು ಖಾಲಿ ಜಾಗ, ಮುಂದಕ್ಕೆ ಬಾಗಿದ ಓರೆಗೆರೆ, ಅದಕ್ಕೆ ಅಂಟಿಕೊಂಡು ‘ಸ್ಕ್ಯಾನ್‌ನೌ’ ಎಂದು ಬರೆದು ಎಂಟರ್ ಒತ್ತಿದರೆ ಸಿಸ್ಟಮ್ ಫೈಲ್ ಚೆಕರ್ ಕಡತಗಳನ್ನು ಪರಿಶೀಲಿಸಿ, ಕೆಟ್ಟವುಗಳನ್ನು ತನ್ನಲ್ಲಿರುವ ಪ್ರತಿಯಿಂದ ಸರಿಪಡಿಸುತ್ತದೆ. ಅದರ ಲಾಗ್ ವಿಂಡೋಸ್ ಫೋಲ್ಡರಿನೊಳಗಿನ ಲಾಗ್ಸ್ ಫೋಲ್ಡರಿನಲ್ಲಿ, ಸಿಬಿಎಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕೆಲಸ ಮುಗಿದ ಮೇಲೆ ಸಿಸ್ಟಮ್ ಕಾನ್ಫಿಗರೇಶನ್‌ಗೆ ಮರಳಿ ‘ನಾರ್ಮಲ್ ಸ್ಟಾರ್ಟ್‌ಅಪ್’ ಆರಿಸಿ, ಅಪರಾಧಿಯೆಂದು ಗೊತ್ತಾದ ಒಂದು ತಂತ್ರಾಂಶವನ್ನು ತೆಗೆದುಹಾಕಿ ಅಥವಾ ಅದರ ಹೊಸ ಆವೃತ್ತಿಯನ್ನು ಹಾಕಿರಿ. ತಯಾರಕರಿಗೆ ದೂರು ಬರೆಯುವುದಾದರೆ ಪ್ರಾಸೆಸ್ ಹೆಸರು, ಆವೃತ್ತಿ, ಇವೆಂಟ್ ಸಂಖ್ಯೆ ಮತ್ತು ಅದು ಕಂಡ ಸಮಯವನ್ನು ಜೊತೆಗೆ ಕಳುಹಿಸಿರಿ.